ಡಿಪೋ ಮರದ ಮಕ್ಕಳು

ಡಿಪೋ ಮರದ ಹನ್ನೆರಡು ಜೋಡಿ ಅಂಕಿಗಳು ಮರಗಳ ಲ್ಯಾಬಿನಲ್ಲಿ ಕೆಲಸ ಮಾಡುವ ಕಡ್ಡಿಗೆ ಬಾಯಿಪಾಠ. ಮನೆಯ ಫೋನ್ ನಂಬರಿಗಾದರೂ ಒಮ್ಮೊಮ್ಮೆ ತಡವರಿಸುತ್ತಿದ್ದಳು, ಇವನ್ನು ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳುತ್ತಿದ್ದಳು. ಮೊದಲನೆಯ ಜೋಡಿ ನೂರನಲವತ್ತೈದು, ನೂರ ಅರವತ್ತೊಂದು. ಎರಡನೆಯದು ತೊಂಬತ್ತೆಂಟು, ನೂರ ನಾಲ್ಕು. ಹೀಗೆ ಹನ್ನೆರಡು.

ಇದರಲ್ಲಿ ಜಾಣತನವೇನೂ ಇಲ್ಲ. ಲ್ಯಾಬಿನ ಹಿಂದೆ ಬಸ್ ಡಿಪೋ, ಡಿಪೋದ ತಂತಿಬೇಲಿಗೆ ಒರಗಿಕೊಂಡು ಕರಿತೊಗಟೆ ಜಾತಿಯ ಒಂದು ಮರ. ಎಲೆಗಳ ರಸವನ್ನು ಯಂತ್ರಕ್ಕೆ ಹಾಕುವಾಗಲೆಲ್ಲ, ಅದು ಸರಿಯಾಗಿ ಓದುತ್ತಿದೆಯೋ ಇಲ್ಲವೋ ನೋಡಲು, ಮೊದಲೇ ಗೊತ್ತಿರುವ ಮರವೊಂದರ ಎಲೆಯನ್ನೂ ಜೊತೆಗೆ ಹಾಕಬೇಕು. ಕೈಗೆಟುಕುವುದು ಇದೊಂದೇ. ಊಟ ಮುಗಿಸಿ ಬರುವಾಗ ಒಂದೆಲೆ ಕಿತ್ತುಕೊಂಡು ಬಂದರಾಯಿತು. ಆರು ವರ್ಷದಿಂದ ಕಿತ್ತಿದ್ದಳು.

ಬುಧವಾರ ಬೆಳಿಗ್ಗೆ ಹತ್ತೂವರೆಗೆ ಅದೇ ಅಂಕಿಗಳು ಪರದೆಯ ಮೇಲೆ ಬಂದವು. ಬರಬೇಕಾದ ಒಂದೇ ಗುಳಿಯಲ್ಲಲ್ಲ, ಬೇರೆ ಗಿಡಗಳ ರಸವಿದ್ದ ತಟ್ಟೆಯ ಎಲ್ಲ ಗುಳಿಗಳಲ್ಲೂ.

ಇದು ಮೂರನೆಯ ಸಲ. ಮೊದಲ ಸಲ, ಕೊಳೆ ಸೇರಿದೆ, ಡಿಪೋ ಮರದ ರಸ ಎಲ್ಲ ಗುಳಿಗಳಿಗೂ ಚೆಲ್ಲಿದೆ ಅಂದುಕೊಂಡಳು. ಡಾಕ್ಟರಮ್ಮನೂ ಹಾಗೇ ಅಂದರು. ಡಾಕ್ಟರಮ್ಮ ರೋಗಿಗಳ ಡಾಕ್ಟರಲ್ಲ, ಮರಗಳ ಮೇಲೆ ಪುಸ್ತಕ ಬರೆದು ಡಾಕ್ಟರಾದವರು, ಲ್ಯಾಬಿಗೆ ಯಜಮಾನತಿ. ಎರಡನೆಯ ಸಲ ಹೊಸ ಕೊಳವೆ, ಹೊಸ ಕೈಗವಸು. ಮೂರನೆಯ ಸಲ ಕಡ್ಡಿ ತಾನೇ ಲ್ಯಾಬಿನವರು ಕರಿತೊಗಟೆ ಬೆಳೆಸಿದ ನೆಡುತೋಪಿಗೆ ಹೋಗಿ ತೊಂಬತ್ತನಾಲ್ಕು ಗಿಡಗಳಿಂದ ಹೊಸದಾಗಿ ಎಲೆ ಕಿತ್ತು ತಂದಳು. ಡಿಪೋ ಮರದ ಎಲೆಯನ್ನು ಬೇರೆ ಕೋಣೆಯಲ್ಲಿ ಅರೆದಳು.

ಪ್ರತಿ ಮರದ ವಂಶವಾಹಿಯಲ್ಲಿ ಯಂತ್ರ ಓದುವ ಜಾಗಗಳು ಹನ್ನೆರಡು, ಒಂದೊಂದು ಜಾಗದಲ್ಲೂ ಎರಡು ಅಂಕಿ ಇರುತ್ತವೆ. ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ. ಊರಾಚೆಯ ಗುಡ್ಡದ ಮೇಲಿನ ಮೂವತ್ತೊಂದು ಕರಿತೊಗಟೆಗಳಲ್ಲಿ ಮೊದಲ ಜಾಗಕ್ಕೆ ಹನ್ನೊಂದು ಬೇರೆ ಬೇರೆ ಅಂಕಿಗಳಿದ್ದವು. ಆರು ವರ್ಷದ ಹಿಂದೆ ಉದ್ದ ಕೋಲಿಗೆ ಕತ್ತರಿ ಕಟ್ಟಿಕೊಂಡು ಅವಳೇ ಆ ಎಲೆಗಳನ್ನು ಇಳಿಸಿದ್ದಳು. ನೆಡುತೋಪಿನ ಗಿಡಗಳು ಆ ಮೂವತ್ತೊಂದು ಮರಗಳ ಮಕ್ಕಳು ಅಂತ ಬೀಜದ ಚೀಟಿ ಹೇಳುತ್ತಿತ್ತು. ಹಾಗಿದ್ದರೆ ಹನ್ನೊಂದೂ ಅಂಕಿಗಳು ಅಲ್ಲಿ ಕಾಣಬೇಕು. ಕಂಡದ್ದು ಎರಡೇ. ನೂರನಲವತ್ತೈದು, ನೂರ ಅರವತ್ತೊಂದು.

ಗಿಡಗಳನ್ನು ಇದುವರೆಗೆ ಯಾರೂ ಪರೀಕ್ಷಿಸಿರಲಿಲ್ಲ. ಯಾಕೆ ಪರೀಕ್ಷಿಸಬೇಕು, ಚೀಟಿ ಇತ್ತಲ್ಲ.

ಈಗ ಪರೀಕ್ಷೆ ಬಂದದ್ದೂ ಹೆಸರಿಗೆ. ಗುಡ್ಡದ ಆ ಮಗ್ಗುಲನ್ನು ಕಲ್ಲುಗಣಿಗೆ ಕೊಟ್ಟಾಗಿತ್ತು. ಮರ ಕಡಿಯಲು ಒಪ್ಪಿಗೆ ಸಿಕ್ಕಿದ್ದು ಒಂದೇ ಮಾತಿನ ಮೇಲೆ: ಈ ಮೂವತ್ತೊಂದು ಮರಗಳ ಬೀಜ ತಂದು ನಾಲ್ಕು ಸಾವಿರದ ಇನ್ನೂರು ಗಿಡ ಬೆಳೆಸಿದ್ದೇವೆ, ವಂಶ ಉಳಿದಿದೆ, ಗುಡ್ಡದ ಮರ ಹೋದರೂ ನಷ್ಟವಿಲ್ಲ. ಆ ಮಾತು ನಿಜ ಎಂದು ಲ್ಯಾಬಿನಿಂದ ಒಂದು ಹಾಳೆ ಶುಕ್ರವಾರ ಸಂಜೆಯೊಳಗೆ ಹೋಗಬೇಕು. ಹಾಳೆ ಬರೀ ಕಡತಕ್ಕೆ, ತಡೆ ಆದೇಶ ಬಾರದಿದ್ದರೆ ಸೋಮವಾರ ಬೆಳಿಗ್ಗೆ ಕಡಿತ.

ಕಡ್ಡಿ ಪರದೆ ಆರಿಸಲಿಲ್ಲ. ಪಕ್ಕದ ಉಗ್ರಾಣಕ್ಕೆ ಹೋಗಿ ಬೀಜದ ಡಬ್ಬಿಗಳನ್ನು ಒಂದೊಂದಾಗಿ ಇಳಿಸಿದಳು. ಪ್ರತಿ ಲಕೋಟೆಯ ಮೇಲೂ ಗುಂಡಗಿನ ಅಕ್ಷರ. ಮರ ನಾಲ್ಕು. ಮರ ಒಂಬತ್ತು. ಮರ ಹದಿನೇಳು. ತಾರೀಕು, ತೂಕ, ಕೆಳಗೆ ‘ನನ್ನ ಸಮಕ್ಷಮ’ ಎಂದು ಡಾಕ್ಟರಮ್ಮನ ಸಹಿ. ಗುಂಡಗಿನ ಅಕ್ಷರ ಅವಳ ಸೋದರಮಾವನದು. ಅದೇ ಕೈ ಹಿಡಿದು ಅವಳಿಗೆ ಅಕ್ಷರ ತಿದ್ದಿಸಿತ್ತು.

ಏಳು ವರ್ಷದವಳಾಗಿ ಮಾವನ ಮನೆಗೆ ಬಂದಾಗ ಅವಳ ಕೈಕಾಲು ಕಡ್ಡಿಯಂತಿದ್ದವು. ದೊಡ್ಡವಳಾದ ಮೇಲೆ ಮಾತು ಕಡ್ಡಿ ಮುರಿದಂತಾಯಿತು. ಹಾಗಾಗಿ ಹೆಸರು ನಿಂತಿತು. ಮಾವನಿಗೆ ಎಲ್ಲರೂ ಏಣಿ ಅನ್ನುತ್ತಿದ್ದರು. ಎತ್ತರದ ಆಳು, ಮರ ಹತ್ತಿ ಬೀಜ ಇಳಿಸುವ ಕೆಲಸ. ಇಪ್ಪತ್ತೆರಡು ವರ್ಷ ಮಾಡಿ, ಎರಡು ವರ್ಷದ ಹಿಂದೆ ನಿವೃತ್ತನಾಗಿದ್ದ. ಆಮೇಲೆ ಆ ಕೆಲಸಕ್ಕೆ ಯಾರನ್ನೂ ತೆಗೆದುಕೊಂಡಿರಲಿಲ್ಲ.

ಸಂಜೆ ಬಾಗಿಲಲ್ಲಿ ಡಾಕ್ಟರಮ್ಮ ಎದುರಾದರು. ಕೈಯಲ್ಲಿ ಕಾರಿನ ಕೀಲಿ.

"ಏನಾಯ್ತು, ಕೊಳೆ ಹೋಯ್ತಾ?"

ಹೋಗಿತ್ತು. ಕೊಳೆ ಇರಲೇ ಇಲ್ಲ. ಇಷ್ಟು ಹೇಳಲು ಎರಡು ಉಸಿರು ಸಾಕಿತ್ತು.

"ನಾಳೆ ಹೇಳ್ತೀನಿ ಮೇಡಂ," ಅಂದಳು ಕಡ್ಡಿ.

ಮನೆ ಸೈಕಲ್ ಅಂಗಡಿಯ ಮೇಲೆ. ಹದಿನಾಲ್ಕು ಮೆಟ್ಟಿಲು. ಮಾವ ಈ ಮೆಟ್ಟಿಲುಗಳನ್ನು ಹಿಂದುಮುಂದಾಗಿ, ಪಕ್ಕದ ಕಂಬಿ ಹಿಡಿದುಕೊಂಡು ಇಳಿಯುತ್ತಿದ್ದ. ಕೆಳಗಿನ ಅಂಗಡಿಯವನಿಗೆ ಅದೊಂದು ತಮಾಷೆ. "ಏಣಿ ಇಳಿದು ಇಳಿದು ಮೆಟ್ಟಿಲನ್ನೂ ಏಣಿ ಅಂದ್ಕೊಂಡಿದಾರೆ ನಿಮ್ಮ ಮಾವ" ಅನ್ನುತ್ತಿದ್ದ. ಮಾವನೂ ನಗುತ್ತಿದ್ದ. ಇಪ್ಪತ್ತೊಂದು ವರ್ಷ ಆ ತಮಾಷೆಗೆ ಅವಳೂ ನಕ್ಕಿದ್ದಳು. ಇವತ್ತು ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕೆಳಗೆ ನೋಡಿದಳು. ಮೊಣಕಾಲು ಮಡಿಸಲಾಗದವನು ಹಾಗೇ ಇಳಿಯಬೇಕು, ಬೇರೆ ದಾರಿಯಿಲ್ಲ.

ಮಾವ ಕಿಟಕಿಯ ಬಳಿ ಕುಳಿತು ಹಳೇ ರೇಡಿಯೋದ ತಿರುಪು ಬಿಚ್ಚುತ್ತಿದ್ದ. ಗೋಡೆಯ ಮೇಲೆ ಅವನ ಕೊಕ್ಕೆಗೋಲು ಮೊಳೆಗೆ ನೇತುಬಿದ್ದಿತ್ತು. ಅತ್ತೆ ಬಟ್ಟೆ ಮಡಿಸುತ್ತಿದ್ದಳು.

"ಮಾವ, ಹದಿನೇಳನೇ ಮರ ಹೆಂಗಿದೆ?"

"ಹೆಂಗಿದೆ ಅಂದ್ರೆ? ಮರ ಇದ್ದ ಹಂಗಿದೆ."

"ಬಂದ ಕೂಡ್ಲೇ ಮರ ಶುರುವಾಯ್ತು," ಅಂದಳು ಅತ್ತೆ. "ಕೈಕಾಲು ತೊಳ್ಕೊಂಡು ಬಾರೆ ಮೊದಲು. ಆ ಮರಗಳೇನು ಓಡಿ ಹೋಗ್ತವಾ?"

"ಕಾಯಿ ಚೆನ್ನಾಗಿ ಬಿಡ್ತಿತ್ತಾ ಅದು?"

"ಬಿಡ್ತಿತ್ತು. ವರ್ಷ ಬಿಟ್ಟು ವರ್ಷ."

"ಅದರ ತಲೆ ಸಿಡಿಲಿಗೆ ಹೋಗಿ ಒಂಬತ್ತು ವರ್ಷ ಆಯ್ತು ಮಾವ. ಆಮೇಲೆ ಒಂದು ಕಾಯಿ ಬಿಟ್ಟಿಲ್ಲ. ಏಳು ವರ್ಷ ಅದರ ಹೆಸರಲ್ಲಿ ಬೀಜ ತಂದಿದೀಯ ನೀನು."

ಮಾವ ತಿರುಪುಳಿಯನ್ನು ಕೆಳಗಿಟ್ಟ. ತಿರುಪುಗಳನ್ನು ಒಂದು ಬಟ್ಟಲಿಗೆ ಹಾಕಿದ, ಕಳೆದುಹೋಗಬಾರದು ಎನ್ನುವಂತೆ. ಅತ್ತೆ ಮಡಿಸುವುದನ್ನು ನಿಲ್ಲಿಸಲಿಲ್ಲ, ಆದರೆ ಒಂದೇ ಅಂಗಿಯನ್ನು ಎರಡು ಸಲ ಮಡಿಸಿದಳು. ಅವಳಿಗೆ ಗೊತ್ತಿತ್ತು ಅಂತ ಕಡ್ಡಿಗೆ ಆಗ ಗೊತ್ತಾಯಿತು.

"ಬಿದ್ದೆ," ಅಂದ ಮಾವ.

"ಎಲ್ಲಿಂದ?"

"ಹನ್ನೊಂದನೇ ಮರದಿಂದ. ಕೆಲಸಕ್ಕೆ ಸೇರಿ ಮೂರನೇ ವರ್ಷ. ಮೊಣಕಾಲ ಚಿಪ್ಪು ಎರಡು ಹೋಳು. ಆಫೀಸಿಗೆ ಸೈಕಲ್ಲಿಂದ ಬಿದ್ದೆ ಅಂತ ಹೇಳಿದೆ. ಹತ್ತೋಕೆ ಆಗಲ್ಲ ಅಂದ್ರೆ ಮರ ಹತ್ತೋನನ್ನ ಯಾರು ಇಟ್ಕೋತಾರೆ? ನಿನ್ನ ಕರ್ಕೊಂಡು ಬಂದು ಆರು ತಿಂಗಳು ಆಗಿತ್ತು ಅಷ್ಟೇ."

"ನನ್ನ ಮೇಲೆ ಹಾಕ್ಬೇಡ ಮಾವ."

"ಹಾಕ್ತಿಲ್ಲ. ಆಗಿದ್ದು ಹೇಳ್ತಿದೀನಿ."

"ಆಮೇಲೆ ಡಿಪೋ ಮರ."

"ಅದರ ಕೊಂಬೆ ಕೆಳಗೇ ಇದೆ. ನೆಲದ ಮೇಲೆ ನಿಂತೇ ಕೊಕ್ಕೆ ಹಾಕಿದ್ರೆ ಗೊಂಚಲು ಗೊಂಚಲು ಬರುತ್ತೆ. ಬೆಳಿಗ್ಗೆ ಬುತ್ತಿ ಕಟ್ಕೊಂಡು ಗುಡ್ಡಕ್ಕೆ ಅಂತ ಹೊರಡ್ತಿದ್ದೆ. ಡಿಪೋ ಹಿಂದೆ ಕೂತು ತಿಂದು, ಬೀಜ ಬಿಡಿಸಿ, ಚೀಟಿ ಬರೆದು, ಸಂಜೆ ಬರ್ತಿದ್ದೆ. ಡ್ರೈವರುಗಳು ಟೀ ಕೊಡ್ತಿದ್ರು." ಅವನು ಅವಳ ಕಡೆ ನೋಡಿದ. "ಬೀಜ ಬೀಜಾನೇ ಅಲ್ವೇನೆ? ಅದೇ ಜಾತಿ, ಅದೇ ಕಾಯಿ. ನಾನೇನು ಬೇರೆ ಮರದ ಬೀಜ ತಂದು ಮೋಸ ಮಾಡಿದ್ನಾ?"

ಕಡ್ಡಿ ಅವನ ಎದುರಿನ ಸ್ಟೂಲಿನ ಮೇಲೆ ಕೂತಳು. ಅವನಿಗೆ ಅರ್ಥವಾಗುವ ಹಾಗೆ ಹೇಳಬೇಕಿತ್ತು.

"ಡಿಪೋ ಮರ ಒಂಟಿ. ಗುಡ್ಡ ಊರಾಚೆ. ಅಲ್ಲಿನ ಹೂವಿನ ದುಂಬಿ ಊರು ದಾಟಿ ಇಲ್ಲಿಗೆ ಬರಲ್ಲ. ಅಂದ್ರೆ ಆ ಬೀಜಕ್ಕೆ ತಾಯಿನೂ ಅದೇ, ತಂದೆನೂ ಅದೇ. ನಾಲ್ಕು ಸಾವಿರ ಗಿಡ ಅಂತ ಲೆಕ್ಕ. ವಂಶ ಒಂದೇ ಮರದ್ದು. ಒಂದು ರೋಗ ಬಂದ್ರೆ ಒಂದೇ ಸಲಕ್ಕೆ ಎಲ್ಲಾ ಹೋಗುತ್ತೆ. ಅವು ಯಾಕೆ ಬೆಳೀತಿಲ್ಲ, ಎಲೆ ಯಾಕೆ ಬಿಳಚಿಕೊಂಡಿದೆ, ಮಣ್ಣು ಸರಿಯಿಲ್ವಾ ಅಂತ ಹತ್ತು ವರ್ಷದಿಂದ ಗೊಬ್ಬರ ಹಾಕ್ತಿದಾರೆ. ಮಣ್ಣು ಸರಿಯಾಗೇ ಇದೆ. ಕಾಯಿ ಬಿಟ್ಟ ಗಿಡಗಳಲ್ಲೂ ಹತ್ತಕ್ಕೆ ಒಂಬತ್ತು ಬೀಜ ಜೊಳ್ಳು."

"ಮೊದಲ ಎರಡು ವರ್ಷ ನಾನು ಹತ್ತಿ ತಂದಿದೀನಿ. ನಿಜವಾಗ್ಲೂ ತಂದಿದೀನಿ."

"ಆ ಗಿಡ ಬೆಂಕಿಗೆ ಹೋದ್ವು ಮಾವ. ನಿನಗೇ ಗೊತ್ತು."

ಗೊತ್ತಿತ್ತು. ಬೆಂಕಿ ಆರಿಸಲು ಹೋದವರಲ್ಲಿ ಅವನೂ ಒಬ್ಬ.

"ಉಳಿದಿರೋದು ಗುಡ್ಡದ ಮೇಲಿನವು ಮಾತ್ರ. ಅವನ್ನ ಸೋಮವಾರ ಕಡೀತಾರೆ. ನಿನ್ನ ಚೀಟಿ ನಂಬಿ ಕಡೀತಾರೆ."

ಮಾವ ಬಹಳ ಹೊತ್ತು ಮೊಣಕಾಲು ಉಜ್ಜಿಕೊಂಡ. ಕೊನೆಗೆ ಅಂದ, "ನೀನು ಹೇಳ್ಬೇಡ. ನಾನೇ ಹೇಳ್ತೀನಿ. ನಿನ್ನ ಮಿಷನ್ ಬಾಯಲ್ಲಿ ಬಂದ್ರೆ ನಾನು ಕಳ್ಳ ಆಗ್ತೀನಿ. ನನ್ನ ಬಾಯಲ್ಲಿ ಬಂದ್ರೆ ತಪ್ಪು ಒಪ್ಕೊಂಡ ಮುದುಕ ಆಗ್ತೀನಿ. ಅಷ್ಟು ಕೊಡು."

"ನಾಳೆ ಬಾ ಹಾಗಾದ್ರೆ."

"ನಾಳೆ ಆಸ್ಪತ್ರೆ ಕಣೆ," ಅಂದಳು ಅತ್ತೆ. "ಮೊಣಕಾಲಿಗೆ. ಮೂರು ತಿಂಗಳು ಕಾದು ಸಿಕ್ಕಿರೋ ದಿನ. ತಪ್ಪಿದ್ರೆ ಮತ್ತೆ ಮೂರು ತಿಂಗಳು."

"ಶುಕ್ರವಾರ ಬೆಳಿಗ್ಗೆ ಬರ್ತೀನಿ," ಅಂದ ಮಾವ. "ಒಂಬತ್ತಕ್ಕೆ ಅಲ್ಲಿರ್ತೀನಿ."

ಕಡ್ಡಿ ಲೆಕ್ಕ ಹಾಕಿದಳು. ಶುಕ್ರವಾರ ಒಂಬತ್ತಕ್ಕೆ ಹೇಳಿದರೆ ಹತ್ತಕ್ಕೆ ಡಾಕ್ಟರಮ್ಮ ಇಲಾಖೆಯ ನಿರ್ದೇಶಕರಿಗೆ ಹೇಳುತ್ತಾರೆ, ಮಧ್ಯಾಹ್ನಕ್ಕೆ ತಡೆ ಆದೇಶ, ಸಂಜೆಗೆ ಗಣಿಯವರ ಕೈಯಲ್ಲಿ. ಸಾಕು.

"ಆಯ್ತು," ಅಂದಳು.

ಗುರುವಾರ ಡಾಕ್ಟರಮ್ಮ ಎರಡು ಸಲ ಲ್ಯಾಬಿಗೆ ಬಂದರು. ಎರಡನೇ ಸಲ ನೇರವಾಗಿ ಕೇಳಿದರು. ಕಡ್ಡಿ, ಯಂತ್ರದ ದೀಪ ಸರಿಯಿಲ್ಲ, ಇನ್ನೊಂದು ದಿನ ಬೇಕು ಅಂದಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳೇ ಒಮ್ಮೆ ಯಂತ್ರದ ಕಡೆ ನೋಡಿದಳು, ದೀಪ ನಿಜಕ್ಕೂ ಕೆಟ್ಟಿದೆಯೇನೋ ಎಂದು.

ಶುಕ್ರವಾರ ಒಂಬತ್ತಾಯಿತು, ಹತ್ತಾಯಿತು. ಹನ್ನೊಂದಕ್ಕೆ ಅವಳು ಮನೆಗೆ ಫೋನ್ ಮಾಡಿದಳು. ಹೊರಟಿದ್ದಾರೆ ಅಂದಳು ಅತ್ತೆ. ಹನ್ನೆರಡಕ್ಕೆ ಮಾಡಿದಾಗಲೂ ಹೊರಟಿದ್ದಾರೆ ಅಂದಳು. ಒಂದು ಗಂಟೆಗೆ ಕಡ್ಡಿ ಡಾಕ್ಟರಮ್ಮನ ಬಾಗಿಲ ತನಕ ಹೋಗಿ ವಾಪಸು ಬಂದಳು. ಹೇಳಬೇಡ ಅಂದವನಿಗೆ ಮಾತು ಕೊಟ್ಟಾಗಿತ್ತು. ಎರಡೂವರೆ ದಾಟಿದ ಮೇಲೆ ಊಟಕ್ಕೆಂದು ಡಿಪೋ ಬೇಲಿಯ ಹತ್ತಿರ ಹೋದಾಗ ಒಬ್ಬ ಡ್ರೈವರು ಹೇಳಿದ, "ನಿಮ್ಮ ಮಾವ ಬೆಳಿಗ್ಗೆಯಿಂದ ಇಲ್ಲೇ ಆ ಕಡೆ ಬೆಂಚ್ ಮೇಲೆ ಕೂತಿದಾರಮ್ಮ. ಮೂರು ಟೀ ಆಯ್ತು. ಒಳಗೆ ಹೋಗ್ರೀ ಅಂದ್ರೆ, ಹೋಗ್ತೀನಿ ತಡಿಯಪ್ಪಾ ಅಂತಾರೆ."

ಅವಳು ಹೋಗಿ ಎದುರು ನಿಂತಳು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಏಳಲು ಕೈ ಚಾಚಿದ. ಅವಳು ಎಳೆದು ಎಬ್ಬಿಸಿದಳು. ಡಾಕ್ಟರಮ್ಮನ ಕೋಣೆಯಲ್ಲಿ ಕೂತಾಗ ಮೂರು ಗಂಟೆ.

"ಮೇಡಂ, ಆ ಬೀಜದ ವಿಷಯ," ಅಂತ ಶುರು ಮಾಡಿದ ಮಾವ. "ನನಗೆ ಕಾಲು ನೋವು ಇತ್ತು. ಒಂದೆರಡು ವರ್ಷ ಗುಡ್ಡ ಹತ್ತೋಕೆ ಕಷ್ಟ ಆಗಿತ್ತು. ಆಗ ಒಂದೆರಡು ಚೀಟಿ ಆಚೆ ಈಚೆ ಆಗಿರಬಹುದು."

ಡಾಕ್ಟರಮ್ಮನ ಭುಜ ಇಳಿಯಿತು. "ಅಷ್ಟೇನಾ? ನಾನೇನೋ ಅಂದ್ಕೊಂಡೆ." ಅವರು ಕಡ್ಡಿಯ ಕಡೆ ತಿರುಗಿದರು. "ಕೆಲವು ಚೀಟಿಗಳಲ್ಲಿ ವ್ಯತ್ಯಾಸ ಇದೆ, ಒಟ್ಟಾರೆ ತೊಂದರೆ ಇಲ್ಲ ಅಂತ ಬರೀತೀನಿ. ಉಳಿದಿದ್ದು ಆ ಕೊಳೆಯದ್ದು. ಅಲ್ವಾ?"

ಮಾವ ತನ್ನ ಚಪ್ಪಲಿ ನೋಡುತ್ತಿದ್ದ.

"ಕೊಳೆ ಅಲ್ಲ ಮೇಡಂ," ಅಂದಳು ಕಡ್ಡಿ. ಹಾಳೆಯನ್ನು ಮೇಜಿನ ಮೇಲಿಟ್ಟಳು. "ಡಿಪೋ ಮರದ ರಸ ಚೆಲ್ಲಿದ್ರೆ ಎಲ್ಲಾ ಗುಳಿಯಲ್ಲೂ ಎರಡೂ ಅಂಕಿ ಬರಬೇಕಿತ್ತು. ಹಾಗೆ ಬಂದಿಲ್ಲ. ಇಲ್ಲಿ ನೋಡಿ. ಕಾಲು ಭಾಗ ಗಿಡಗಳಲ್ಲಿ ಬರೀ ನೂರನಲವತ್ತೈದು. ಇನ್ನು ಕಾಲು ಭಾಗದಲ್ಲಿ ಬರೀ ನೂರ ಅರವತ್ತೊಂದು. ಉಳಿದ ಅರ್ಧದಲ್ಲಿ ಎರಡೂ. ಒಂದೇ ಮರ ತನಗೆ ತಾನೇ ಗಂಡನೂ ಹೆಂಡತಿಯೂ ಆದ್ರೆ ಮಕ್ಕಳು ಹೀಗೇ ಹುಟ್ಟೋದು. ಚೆಲ್ಲಿದ ರಸ ಮಕ್ಕಳು ಹೆರಲ್ಲ. ತೊಂಬತ್ತನಾಲ್ಕಕ್ಕೆ ತೊಂಬತ್ತನಾಲ್ಕೂ ಹೀಗೇ." ಆಮೇಲೆ ಮಾವನ ಕಡೆ ನೋಡದೆ ಕೇಳಿದಳು, "ಎಷ್ಟು ವರ್ಷ ಮಾವ?"

ಹೊರಗೆ ಬಸ್ಸೊಂದು ಹಿಂದಕ್ಕೆ ಬರುತ್ತಿತ್ತು. ಯಾರೋ ಬರಲಿ ಬರಲಿ ಅನ್ನುತ್ತಿದ್ದರು.

"ಹತ್ತೊಂಬತ್ತು," ಅಂದ ಮಾವ.

ಡಾಕ್ಟರಮ್ಮ ಹಾಳೆಯನ್ನು ಎರಡು ಸಲ ಓದಿದರು. ಕನ್ನಡಕ ತೆಗೆದರು. "ಪ್ರತಿ ಚೀಟಿ ಕೆಳಗೂ ನನ್ನ ಸಹಿ ಇದೆ," ಅಂದರು. "ಒಂದು ದಿನವೂ ನಾನು ಗುಡ್ಡಕ್ಕೆ ಹೋಗಿಲ್ಲ. ನೀವು ಹೋಗ್ತೀರಲ್ಲ ಅಂತ." ಅದನ್ನು ಯಾರಿಗೆ ಹೇಳಿದರೋ ಗೊತ್ತಿಲ್ಲ. ಫೋನ್ ಎತ್ತಿದರು. ನಿರ್ದೇಶಕರು ಎರಡೂವರೆಗೇ ಊರಿಗೆ ಹೊರಟಿದ್ದರು. ಅವರ ಕೆಳಗಿನವನಿಗೆ ಸಹಿ ಮಾಡುವ ಅಧಿಕಾರ ಇರಲಿಲ್ಲ. ಗಣಿಯ ಕಚೇರಿಯವನು ಮರ್ಯಾದೆಯಿಂದಲೇ ಕೇಳಿಸಿಕೊಂಡ, ಕಾಗದ ಕೊಡಿ ನಿಲ್ಲಿಸ್ತೀವಿ ಅಂದ. ಕಾಗದ ಸೋಮವಾರ ಹತ್ತಕ್ಕೆ ಮುಂಚೆ ಆಗದು.

ಫೋನ್ ಇಟ್ಟ ಮೇಲೆ ಡಾಕ್ಟರಮ್ಮ ಕೇಳಿದರು, "ಇದು ನಿಂಗೆ ಗೊತ್ತಾಗಿದ್ದು ಯಾವಾಗ?"

"ಬುಧವಾರ ಬೆಳಿಗ್ಗೆ."

"ಬುಧವಾರ ಸಂಜೆ ಬಾಗಿಲಲ್ಲಿ ನಾನು ಕೇಳಿದೆ."

"ಕೇಳಿದ್ರಿ."

ಅವರು ಕನ್ನಡಕ ಹಾಕಿಕೊಂಡು ತಡೆ ಆದೇಶಕ್ಕೆ ಅರ್ಜಿ ಬರೆಯತೊಡಗಿದರು. ಬೈದಿದ್ದರೆ ಕಡ್ಡಿಗೆ ಅನುಕೂಲವಾಗುತ್ತಿತ್ತು.

ಶನಿವಾರ, ಭಾನುವಾರ ಮನೆಯಲ್ಲಿ ಪಾತ್ರೆಗಳ ಸದ್ದು ಮಾತ್ರ. ಭಾನುವಾರ ಮಧ್ಯಾಹ್ನ ಅತ್ತೆಗೆ ತಡೆಯಲಾಗಲಿಲ್ಲ. "ಎದುರಿಗೆ ಕೂರಿಸಿ ಎಷ್ಟು ವರ್ಷ ಅಂತ ಕೇಳಿದ್ಯಂತೆ. ಪೊಲೀಸರು ಕೇಳೋ ಹಾಗೆ. ಉಂಡ ಮನೆಗೆ ಎರಡು ಬಗೆಯೋದನ್ನ ಎಲ್ಲಿ ಕಲಿತೆ?"

"ಸುಮ್ನಿರೆ," ಅಂದ ಮಾವ, ತಟ್ಟೆಯಿಂದ ತಲೆ ಎತ್ತದೆ. "ನಾನು ಪೂರ್ತಿ ಹೇಳಿದ್ರೆ ಅವಳು ಯಾಕೆ ಕೇಳ್ತಿದ್ಲು?"

ಕಡ್ಡಿಗೆ ಇದು ಸಮಾಧಾನವನ್ನೂ ಕೊಡಲಿಲ್ಲ, ಸಿಟ್ಟನ್ನೂ ತರಲಿಲ್ಲ. ಎದ್ದು ಹೋಗಿ ಮುನ್ನೂರು ಕಾಗದದ ಲಕೋಟೆಗಳನ್ನು ಚೀಲಕ್ಕೆ ತುಂಬಿದಳು.

ಸೋಮವಾರ ಡಾಕ್ಟರಮ್ಮ ನಿರ್ದೇಶಕರ ಕಚೇರಿಯ ಮೆಟ್ಟಿಲ ಮೇಲೆ ಕಾದರು, ಕಡ್ಡಿ ಗುಡ್ಡಕ್ಕೆ ಹೋದಳು. ಆರು ಗಂಟೆಗೆ ಕಡಿಯುವವರ ಲಾರಿ ಬಂತು. ಮೇಸ್ತ್ರಿ ಕುಳ್ಳಗಿನ ಮನುಷ್ಯ, ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಹತ್ತಿ ತೆಗೆದು ಕೇಳಿದ.

"ಕಾಗದ ಇದೆಯಾ ಅಕ್ಕ?"

"ಹತ್ತಕ್ಕೆ ಬರುತ್ತೆ."

"ಹತ್ತಕ್ಕೆ ಬಂದ್ರೆ ಹತ್ತಕ್ಕೆ ನಿಲ್ಲಿಸ್ತೀನಿ. ನನಗೇನು ಮರದ ಮೇಲೆ ಹಗೆನಾ? ಇವತ್ತು ಸಂಜೆಗೆ ಜಾಗ ಖಾಲಿ ಮಾಡಿ ಕೊಡು ಅಂದಿದಾರೆ. ದೂರ ನಿಂತ್ಕೊಳ್ಳಿ, ಮೈಮೇಲೆ ಬಿದ್ದೀತು."

ಹತ್ತಿ ಮತ್ತೆ ಕಿವಿಗೆ ಹೋಯಿತು.

ಅವಳು ದೂರ ನಿಂತಳು. ಒಂದು ಮರಕ್ಕೆ ಹದಿನೈದು ನಿಮಿಷ. ಗರಗಸದ ಸದ್ದು ಸಣ್ಣದಾಗುತ್ತ ಹೋಗಿ, ಒಂದು ಕ್ಷಣ ಏನೂ ಇಲ್ಲ, ಆಮೇಲೆ ನೆಲ ಅದುರುತ್ತಿತ್ತು. ಬಿದ್ದ ಪ್ರತಿ ಮರದ ತಲೆಯ ಬಳಿ ಹೋಗಿ ಎಲೆ ಕಿತ್ತು, ಬುಡದ ತಗಡಿನ ಮೇಲಿನ ನಂಬರು ನೋಡಿ, ಲಕೋಟೆಯ ಮೇಲೆ ಬರೆದಳು. ಎಲೆಯಿಂದ ಮರ ಬರುವುದಿಲ್ಲ. ಏನಿತ್ತು ಅಂತ ಗೊತ್ತಾಗುತ್ತದೆ, ಅಷ್ಟೇ. ನೂರ ಐವತ್ತೇಳು ಎಂಬ ಅಂಕಿ ಎಂಟನೆಯ ಮರದಲ್ಲಿ ಮಾತ್ರ ಇತ್ತು, ಇಡೀ ಗುಡ್ಡದಲ್ಲಿ ಬೇರೆ ಎಲ್ಲೂ ಇರಲಿಲ್ಲ. ಏಳು ಗಂಟೆ ಐದು ನಿಮಿಷಕ್ಕೆ ಅದು ಮುಗಿಯಿತು. ನೂರ ಅರವತ್ತೊಂಬತ್ತು ಮೂರನೇ ಮರದಲ್ಲೂ ಐದನೇ ಮರದಲ್ಲೂ ಮಾತ್ರ ಇತ್ತು. ಮೂರು ಬಿದ್ದಾಗ ಐದು ಇದೆಯಲ್ಲ ಅಂದುಕೊಂಡಳು. ಎಂಟೂಕಾಲಿಗೆ ಐದೂ ಬಿತ್ತು.

ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ಡಾಕ್ಟರಮ್ಮನ ಕಾರು ಕೆಳಗೆ ನಿಂತಿತು. ಅವರು ಕಾಗದ ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದರು. ಮೇಸ್ತ್ರಿ ಓದಿದ, ಮಡಿಸಿ ಜೇಬಿಗಿಟ್ಟ, ಕೈ ಎತ್ತಿದ. ಗರಗಸಗಳು ನಿಂತವು. ಹೇಳಿದಂತೆ ನಡೆದುಕೊಂಡ.

ಹತ್ತೊಂಬತ್ತು ಬಿದ್ದಿದ್ದವು. ಹನ್ನೆರಡು ನಿಂತಿದ್ದವು. ಮೊದಲ ಜಾಗದ ಹನ್ನೊಂದು ಅಂಕಿಗಳಲ್ಲಿ ಆರು ಉಳಿದಿದ್ದವು. ಉಳಿದ ಹನ್ನೊಂದು ಜಾಗಗಳ ಲೆಕ್ಕವನ್ನು ಅವಳು ಆಗ ಹಾಕಲಿಲ್ಲ. ಬುಧವಾರ ಸಂಜೆಯ ಎರಡು ಉಸಿರಿನ ಲೆಕ್ಕ ಮಾತ್ರ ತಾನಾಗಿ ಆಗಿಹೋಯಿತು. ಹತ್ತೊಂಬತ್ತು ವರ್ಷ ಮಾವನದು. ಹತ್ತೊಂಬತ್ತು ಮರ ತನ್ನದು.

ಡಾಕ್ಟರಮ್ಮ ಒಂದು ಕಾಯಿ ಎತ್ತಿಕೊಂಡು ಉಗುರಿನಿಂದ ಸೀಳಿದರು. ಒಳಗೆ ಹಾಲು. "ಇನ್ನು ಮೂರು ವಾರ ಇದ್ದಿದ್ರೆ ಬಲೀತಿತ್ತು," ಅಂದರು. "ಮೊಳೆಯಲ್ಲ ಇದು. ಆದ್ರೂ ತಗೊಂಡು ಹೋಗೋಣ. ನೂರಕ್ಕೆ ಒಂದು ಬಂದ್ರೂ ಬರಲಿ." ಆ ‘ಬರಲಿ’ಯಲ್ಲಿ ಅವರಿಗೇ ನಂಬಿಕೆ ಇರಲಿಲ್ಲ. ನಿಂತ ಹನ್ನೆರಡರ ಕೆಳಗೆ ಗುರುತು ಹಾಕಲು ಅವರು ಆಚೆ ಹೋದರು.

ಆಗ ಮಾವ ಬಂದ. ಕೊಕ್ಕೆಗೋಲನ್ನು ಊರಿಕೊಂಡು, ಒಂದು ಕಾಲು ಎಳೆದುಕೊಂಡು, ಕಾಲುದಾರಿಯಲ್ಲಿ ಮೇಲೆ ಬಂದ. ಎಷ್ಟು ಹೊತ್ತಿಗೆ ಹೊರಟಿದ್ದನೋ, ಅಂಗಿ ಬೆನ್ನಿಗೆ ಅಂಟಿತ್ತು. ಇಪ್ಪತ್ತೊಂದು ವರ್ಷದ ಮೇಲೆ ಗುಡ್ಡಕ್ಕೆ ಬಂದಿದ್ದ. ಬಿದ್ದ ಮರಗಳ ನಡುವೆ ನಿಂತು ಸುತ್ತ ನೋಡಿದ.

"ಹನ್ನೊಂದು ಯಾವುದು?" ಅಂತ ಕೇಳಿದ.

ಅವಳು ತೋರಿಸಿದಳು. ಬಿದ್ದಿದ್ದವುಗಳಲ್ಲಿ ಅದೂ ಒಂದು. ಅವನು ಅದರ ಬುಡದ ಮೇಲೆ ಕೂರಲಿಲ್ಲ, ಮುಟ್ಟಲೂ ಇಲ್ಲ. ಮುಂದೆ ಹೋಗಿ ಒಂದು ಬಿದ್ದ ತಲೆಯ ಪಕ್ಕ, ಕೆಟ್ಟ ಕಾಲನ್ನು ಉದ್ದಕ್ಕೆ ಚಾಚಿ ನೆಲದ ಮೇಲೆ ಕೂತ. ಕಾಯಿ ಕೀಳತೊಡಗಿದ. ಬೆರಳುಗಳು ಬಹಳ ಚುರುಕು. ತೀರಾ ಎಳೆಯದು, ಸ್ವಲ್ಪ ಬಲಿತದ್ದು, ಹುಳ ತಿಂದದ್ದು ಅಂತ ನೋಡದೆಯೇ ಬೇರೆ ಮಾಡುತ್ತಿದ್ದವು. ಈ ಕೆಲಸ ಅವನಿಗೆ ನಿಜವಾಗಿಯೂ ಗೊತ್ತಿತ್ತು.

"ಲಕೋಟೆ ಕೊಡು," ಅಂದ.

ಕೊಟ್ಟಳು. ತುಂಬಿದ. ಜೇಬಿನಿಂದ ಪೆನ್ಸಿಲ್ ತೆಗೆದು, ತೆವಳಿಕೊಂಡು ಹೋಗಿ ಬುಡದ ತಗಡು ನೋಡಿ, ಮೇಲೆ ಗುಂಡಗಿನ ಅಕ್ಷರದಲ್ಲಿ ಬರೆದ. ಮರ ಒಂಬತ್ತು. ತಾರೀಕು. ಅವಳ ಕಡೆ ಚಾಚಿದ.

ಕಡ್ಡಿ ಲಕೋಟೆ ತೆಗೆದುಕೊಂಡಳು. ಚೀಲಕ್ಕೆ ಹಾಕಲಿಲ್ಲ. ಎದ್ದು ಹೋಗಿ ಬುಡದ ಹತ್ತಿರ ಬಗ್ಗಿದಳು. ತಗಡಿನ ಮೇಲಿನ ಗರಗಸದ ಪುಡಿಯನ್ನು ಬೆರಳಿನಿಂದ ಒರೆಸಿದಳು.

"ನೋಡೇ ಬರೆದಿದೀನಿ ಕಣೆ," ಅಂದ ಮಾವ.

ತಗಡಿನ ಮೇಲೆ ಒಂಬತ್ತು ಅಂತಲೇ ಇತ್ತು. ಅವಳು ಲಕೋಟೆಯ ಮೂಲೆಯಲ್ಲಿ ಒಂದು ಗೆರೆ ಎಳೆದು ಸಹಿ ಮಾಡಿ ಚೀಲಕ್ಕೆ ಹಾಕಿದಳು. ಇನ್ನೊಂದು ಖಾಲಿ ಲಕೋಟೆ ಕೊಟ್ಟಳು.

ಅವನು ಮುಂದಿನ ಮರಕ್ಕೆ ಜರುಗಿದ. ಕಾಯಿ ಕಿತ್ತ, ತುಂಬಿದ, ತಗಡು ನೋಡಿದ, ಬರೆದ, ಚಾಚಿದ. ಅವಳು ಮತ್ತೆ ಎದ್ದು ಹೋಗಿ ಬಗ್ಗಿ ನೋಡಿದಳು. ಅವಳು ವಾಪಸು ಬರುವ ತನಕ ಈ ಸಲ ಅವನು ಪೆನ್ಸಿಲ್ ಹಿಡಿದು ಕಾದ.